ಶೆನೊನ್ಸೊ ಅರಮನೆಯನ್ನು ಅಡುಗೆಮನೆಯ ಕಡೆಯಿಂದ ನೋಡಿ

ಪ್ರಶ್ನೆ: ಮಗಳು ಪ್ಯಾರಿಸ್ಸಿನಲ್ಲಿ ಕೆಲಸದಲ್ಲಿದ್ದಾಳೆ. ಮೇ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಅವಳಲ್ಲಿಗೆ ಹೋಗುತ್ತಿದ್ದೇವೆ. ಲ್ವಾರ್ ಕಣಿವೆಯ ಹಳೆಯ ಕೋಟೆಗಳನ್ನು ನೋಡಲೆಂದು ಒಂದು ಶನಿವಾರ ಮತ್ತು ಭಾನುವಾರವನ್ನು ಮೀಸಲಿಟ್ಟಿದ್ದೇವೆ. ಒಂದೇ ದಿನದಲ್ಲಿ ಮೂರು ಕೋಟೆಗಳನ್ನು ತೋರಿಸಿ ಕರೆತರುವ ಬಸ್ ಪ್ರವಾಸಗಳಿವೆಯಂತೆ. ಅದನ್ನೇ ಹಿಡಿಯಬಹುದೇ? ಒಂದನ್ನು ಮಾತ್ರ ಆರಿಸಿಕೊಳ್ಳುವುದಾದರೆ ಯಾವುದು? ಆ ಸೀಮೆಯ ಊಟವನ್ನೂ ಸವಿಯಬೇಕೆಂಬ ಆಸೆಯಿದೆ. ನಾನು, ಮಗಳು ಎಲ್ಲವನ್ನೂ ತಿನ್ನುತ್ತೇವೆ; ಪತ್ನಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆಕೆಗೆ ಅಲ್ಲಿ ಏನಾದರೂ ಸಿಕ್ಕೀತೇ, ಇಲ್ಲವೇ ಪುಳಿಯೋಗರೆ ಗೊಜ್ಜು ಕಟ್ಟಿಕೊಂಡೇ ಹೋಗಬೇಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂರು ಕೋಟೆಗಳ ಬಸ್ಸನ್ನು ಹಿಡಿಯಬೇಡಿ. ಅಂಥ ಪ್ರವಾಸದಲ್ಲಿ ಒಂದೊಂದು ಜಾಗಕ್ಕೂ ಸಿಗುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಅದರಲ್ಲಿ ಅರ್ಧ ಭಾಗ ಬಸ್ಸಿನಿಂದ ಬಾಗಿಲಿಗೆ, ಬಾಗಿಲಿನಿಂದ ಬಸ್ಸಿಗೆ ನಡೆಯುವುದರಲ್ಲಿಯೇ ಕಳೆಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಊಟದ್ದು. ಆ ಸೀಮೆಯ ಸಣ್ಣ ಊರುಗಳಲ್ಲಿ ಮಧ್ಯಾಹ್ನದ ಊಟ ಬಡಿಸುವುದು ಹನ್ನೆರಡರಿಂದ ಹೆಚ್ಚುಕಡಿಮೆ ಎರಡು ಗಂಟೆಯವರೆಗೆ ಮಾತ್ರ. ಬಸ್ಸಿನವರ ವೇಳಾಪಟ್ಟಿ ಆ ಎರಡು ಗಂಟೆಯೊಳಗೆ ಕೂರುವುದು ಅಪರೂಪವಾದ್ದರಿಂದ ಪ್ರವಾಸಿಗರು ವಾಹನ ನಿಲ್ದಾಣದ ಪಕ್ಕದಲ್ಲಿ ಸಿಕ್ಕಿದ್ದನ್ನು ತಿಂದು ಮುಂದಿನ ಕೋಟೆಗೆ ಓಡುತ್ತಾರೆ. ನಾನು ಕೆಲವು ವರ್ಷ ತೂರ್ ನಗರದಲ್ಲಿ ನೆಲೆಸಿದ್ದಾಗ, ಊರಿನಿಂದ ಬಂದ ಬಂಧುಗಳನ್ನು ಮೊದಮೊದಲು ಇದೇ ರೀತಿ ಸುತ್ತಿಸಿದ್ದೆ. ಸಂಜೆ ಮನೆಗೆ ಬಂದಾಗ ಯಾವ ಮೆಟ್ಟಿಲು ಯಾವ ಅರಮನೆಯದೆಂದು ಅವರಿಗೆ ನೆನಪಿರುತ್ತಿರಲಿಲ್ಲ. ಆಮೇಲೆ ಬಂದವರಿಗೆಲ್ಲ ಒಂದೇ ಅರಮನೆಯನ್ನು ತೋರಿಸತೊಡಗಿದೆ. ಅದು ಶೇರ್ ನದಿಯ ಮೇಲಿರುವ ಶೆನೊನ್ಸೊ. ತಮಗೂ ಅದನ್ನೇ ಹೇಳುತ್ತೇನೆ.

ಆಯ್ಕೆಗೆ ಕಾರಣ ಹೇಳುವ ಮೊದಲು ಒಂದು ಪದದ ವಿಚಾರ. ಫ್ರೆಂಚಿನ 'ಶಾತೋ' ಎಂಬ ಪದವನ್ನು ನಾವು ಕೋಟೆ ಎಂದು ಅನುವಾದಿಸಿಕೊಳ್ಳುತ್ತೇವೆ. ಆದರೆ ಆ ಪದಕ್ಕೆ ಶತ್ರುವನ್ನು ತಡೆಯುವ ದುರ್ಗವೆಂಬ ಅರ್ಥವೂ ಇದೆ, ತೋಟಗಳ ನಡುವಿನ ಅರಮನೆಯೆಂಬ ಅರ್ಥವೂ ಇದೆ. ಹತ್ತಿರದ ಲೋಶ್ ಪಟ್ಟಣದಲ್ಲಿರುವ ಎತ್ತರದ ಕಲ್ಲುಗೋಪುರ ನಿಜವಾದ ದುರ್ಗ. ಶೆನೊನ್ಸೊ ಹಾಗಲ್ಲ, ಅದು ವಾಸಕ್ಕಾಗಿ, ಸಂಭ್ರಮಕ್ಕಾಗಿ ಕಟ್ಟಿದ ಮನೆ. ಚಿತ್ರದುರ್ಗದ ಏಳು ಸುತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಅಲ್ಲಿ ಕೊತ್ತಲ, ಬತೇರಿಗಳು ಕಾಣಿಸದೆ ನಿರಾಸೆಯಾದೀತು. ಮನೆಯೊಂದನ್ನು ನೋಡಲು ಹೋಗುತ್ತಿದ್ದೇವೆ, ಆ ಮನೆಯನ್ನು ಯಾರು ಕಟ್ಟಿಸಿದರು, ಯಾರು ನಡೆಸಿದರು, ಎಲ್ಲಿ ಅಡುಗೆ ಮಾಡಿದರು ಎಂಬ ಕುತೂಹಲವಿಟ್ಟುಕೊಂಡು ಹೋದರೆ ಅದು ತಾನಾಗಿ ತೆರೆದುಕೊಳ್ಳುತ್ತದೆ.

ಈ ಮನೆ ನಿಂತಿರುವುದು ಒಂದು ಹಿಟ್ಟಿನ ಗಿರಣಿಯ ಅಡಿಪಾಯದ ಮೇಲೆ. ಶೇರ್ ನದಿಯ ನೀರಿನ ಬಲದಿಂದ ತಿರುಗುತ್ತಿದ್ದ ಹಳೆಯ ಗಿರಣಿಯೊಂದು ಅಲ್ಲಿತ್ತು. ಪಕ್ಕದ ದಡದಲ್ಲಿ ಮಾರ್ಕ್ ಮನೆತನದವರ ಸಣ್ಣ ಕೋಟೆಯಿತ್ತು. ರಾಜನ ಹಣಕಾಸಿನ ಅಧಿಕಾರಿಯಾಗಿದ್ದ ತೊಮಾ ಬೊಯ್ಯೇ ಎಂಬಾತ ಅದನ್ನು ಕೊಂಡು, ಒಂದು ದುಂಡು ಗೋಪುರವನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ಕೆಡವಿಸಿ, ನೀರಿನೊಳಗಿನ ಗಿರಣಿಯ ಕಂಬಗಳ ಮೇಲೆಯೇ ಚೌಕಾಕಾರದ ಹೊಸ ಮನೆಯನ್ನು 1513ರಿಂದ 1521ರ ನಡುವೆ ಕಟ್ಟಿಸಿದ. ಕಟ್ಟಿಸಿದ ಎನ್ನುವುದಕ್ಕಿಂತ ಆತನ ಪತ್ನಿ ಕ್ಯಾತರಿನ್ ಬ್ರಿಸೊನೇ ಕಟ್ಟಿಸಿದಳು ಎನ್ನುವುದೇ ಸರಿ. ಗಂಡ ರಾಜನ ಸೇನೆಯೊಡನೆ ಇಟಲಿಯ ಯುದ್ಧಗಳಲ್ಲಿದ್ದಾಗ ಕೆಲಸದ ಮೇಲ್ವಿಚಾರಣೆ ಮಾಡಿದವಳು ಆಕೆ. ಸುರುಳಿ ಮೆಟ್ಟಿಲುಗಳೇ ರೂಢಿಯಲ್ಲಿದ್ದ ಕಾಲದಲ್ಲಿ ಇಟಲಿಯ ಮಾದರಿಯಲ್ಲಿ ನೇರವಾದ ಮೆಟ್ಟಿಲುಸಾಲನ್ನು ಈ ಮನೆಯೊಳಗೆ ಇರಿಸಲಾಯಿತು. ಫ್ರಾನ್ಸಿನಲ್ಲಿ ಆ ಬಗೆಯ ಮೆಟ್ಟಿಲುಗಳಲ್ಲಿ ಇದು ಮೊದಮೊದಲಿನದು. ನಡುವೆ ಹಜಾರ, ಎರಡೂ ಕಡೆ ಕೋಣೆಗಳು ಎಂಬ ಸರಳ ವಿನ್ಯಾಸ ಮನೆ ನಡೆಸಬೇಕಾದವರ ಅನುಕೂಲವನ್ನು ಬಲ್ಲದ್ದು.

ಅಲ್ಲಿಂದ ಮುಂದೆಯೂ ಈ ಮನೆಯ ಕತೆ ಹೆಣ್ಣುಮಕ್ಕಳದೇ. ಬೊಯ್ಯೇಯ ಸಾಲಕ್ಕೆ ಬದಲಾಗಿ 1535ರಲ್ಲಿ ಮನೆ ರಾಜನ ವಶವಾಯಿತು. 1547ರಲ್ಲಿ ಎರಡನೆಯ ಹೆನ್ರಿ ಅದನ್ನು ತನ್ನ ಪ್ರೇಯಸಿ ದಿಯಾನ್ ದ ಪ್ವಾತಿಯೇಗೆ ಕೊಟ್ಟ. ಮನೆಯಿಂದ ಆಚೆಯ ದಡಕ್ಕೆ ಸೇತುವೆ ಕಟ್ಟಿಸಿದವಳು ಅವಳು. ಫಿಲಿಬೇರ್ ದ ಲೋರ್ಮ್ ಅದರ ವಾಸ್ತುಶಿಲ್ಪಿ. 1559ರಲ್ಲಿ ಕುದುರೆಯ ಮೇಲಿನ ಭರ್ಜಿಯಾಟದಲ್ಲಿ ಗಾಯಗೊಂಡು ರಾಜ ತೀರಿಕೊಂಡ ಮೇಲೆ ಅವನ ರಾಣಿ ಕ್ಯಾಥರೀನ್ ಡಿ ಮೆಡಿಚಿ, ದಿಯಾನ್‌ಗೆ ಶೋಮೋಂ ಎಂಬ ಇನ್ನೊಂದು ಅರಮನೆಯನ್ನು ಕೊಟ್ಟು ಇದನ್ನು ಬಿಡಿಸಿಕೊಂಡಳು. ಸವತಿಯ ಸೇತುವೆಯನ್ನು ಕೆಡವಲಿಲ್ಲ. ಅದರ ಮೇಲೆಯೇ 60 ಮೀಟರ್ ಉದ್ದ, 6 ಮೀಟರ್ ಅಗಲದ, ಹದಿನೆಂಟು ಕಿಟಕಿಗಳ ಪಡಸಾಲೆಯನ್ನು ಎಬ್ಬಿಸಿ, ನದಿಯ ಮೇಲೆ ನರ್ತನಕೂಟಗಳನ್ನು ನಡೆಸಿದಳು. ಇಂದು ಚಿತ್ರಗಳಲ್ಲಿ ಕಾಣುವ, ನೀರಿನ ಮೇಲೆ ಕಮಾನುಗಳಲ್ಲಿ ಹಾದುಹೋಗುವ ಬಿಳಿಯ ಅರಮನೆಯ ರೂಪ ಬಂದದ್ದು ಹೀಗೆ, ಮೂವರು ಹೆಂಗಸರ ಕೈಯಿಂದ.

ಎಲ್ಲರೂ ಮಾಡುವಂತೆ ನೇರವಾಗಿ ಪಡಸಾಲೆಗೆ ನಡೆಯದೆ ಮೊದಲು ಕೆಳಗಿನ ಅಡುಗೆಮನೆಗೆ ಇಳಿಯಿರಿ ಎಂಬುದು ನನ್ನ ಮೊದಲ ಸಲಹೆ. ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೇ ಹೋದರೆ ಅಲ್ಲಿ ನೀವಷ್ಟೇ ಇರುವ ಸಾಧ್ಯತೆಯಿದೆ. ಆ ಅಡುಗೆಮನೆ ಇರುವುದು ನದಿಯ ತಳದಿಂದ ಎದ್ದುಬಂದ ದಪ್ಪ ಕಂಬಗಳ ಒಡಲಿನೊಳಗೆ. ಮೆಟ್ಟಿಲಿಳಿದಂತೆ ಗಾಳಿ ತಂಪಾಗುತ್ತದೆ, ನೀರಿನ ವಾಸನೆ ಬರುತ್ತದೆ. ಕಮಾನು ಚಾವಣಿಯ ತಗ್ಗಾದ ಕೋಣೆಯಲ್ಲಿ ಅರಮನೆಯಲ್ಲೇ ಅತಿ ದೊಡ್ಡದಾದ ಹದಿನಾರನೆಯ ಶತಮಾನದ ಒಲೆಗೂಡು. ಅದರ ಮಗ್ಗುಲಲ್ಲೇ ರೊಟ್ಟಿ ಸುಡುವ ಗೂಡು. ಮುಂದೆ ಕೆಲಸದವರ ಊಟದ ಕೋಣೆ, ಮಾಂಸ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆಗಳಿರುವ ಕೋಣೆ, ದಾಸ್ತಾನಿನ ಕೋಣೆ. ಅಲ್ಲಿಂದ ಒಂದು ಪುಟ್ಟ ಸೇತುವೆ ದಾಟಿದರೆ ಇನ್ನೊಂದು ಕಂಬದೊಳಗಿರುವ ಮುಖ್ಯ ಅಡುಗೆಮನೆ: ಗೋಡೆಯುದ್ದಕ್ಕೂ ಗಾತ್ರದ ಕ್ರಮದಲ್ಲಿ ತೂಗುಹಾಕಿದ ತಾಮ್ರದ ಪಾತ್ರೆಗಳು, ದಪ್ಪ ಮರದ ಮೇಜು, ಚಾಕುಗಳ ಸಾಲು. ಕಿಟಕಿಗೆ ಮುಖವಿಟ್ಟು ಕೆಳಗೆ ನೋಡಿ. ಕಮಾನಿನ ಕೆಳಗೆ ದೋಣಿ ನಿಲ್ಲಿಸುವ ಕಟ್ಟೆ ಕಾಣುತ್ತದೆ. ಅರಮನೆಗೆ ಬೇಕಾದ ದಿನಸಿಯೆಲ್ಲ ನದಿಯ ಮೇಲೆಯೇ ಬಂದು ಆ ಕಟ್ಟೆಯಿಂದ ನೇರವಾಗಿ ಒಲೆಯ ಬಳಿಗೆ ಏರುತ್ತಿತ್ತು. ಮೇಲಿನ ಅಂತಸ್ತುಗಳ ಚಿತ್ರಪಟ, ರತ್ನಗಂಬಳಿಗಳೆಲ್ಲ ಈ ಕಟ್ಟೆಯ ಮೇಲೆ ನಿಂತಿವೆ ಎಂಬುದನ್ನು ಮೊದಲು ಕಂಡುಕೊಂಡರೆ ಉಳಿದದ್ದನ್ನು ನೋಡುವ ರೀತಿ ಬದಲಾಗುತ್ತದೆ. ಅರಮನೆಯ ಹೊರಗೆ ತಾವು ತಿನ್ನಲಿರುವುದೂ ಅದೇ ನದಿ, ಅದೇ ಕಲ್ಲು, ಅದೇ ಹುಲ್ಲುಗಾವಲು ಕೊಟ್ಟಿದ್ದೇ ಆಗಿದೆ.

ಆಮೇಲೆ ಪಡಸಾಲೆಗೆ ಬನ್ನಿ. ಕಪ್ಪು ಸ್ಲೇಟು ಮತ್ತು ಬಿಳಿಕಲ್ಲಿನ ಚದುರಂಗದ ನೆಲ. ಎರಡೂ ಕಡೆಯ ಕಿಟಕಿಗಳಿಂದ ನೀರಿನ ಬೆಳಕು ಚಾವಣಿಯ ಮೇಲೆ ಅಲುಗಾಡುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇದು ಆಸ್ಪತ್ರೆಯಾಗಿತ್ತು. ಚಾಕೊಲೇಟು ತಯಾರಕರಾದ ಮೆನಿಯೇ ಮನೆತನದವರು 1913ರಲ್ಲಿ ಅರಮನೆಯನ್ನು ಕೊಂಡಿದ್ದರು; ಯುದ್ಧ ಶುರುವಾದಾಗ ತಮ್ಮ ಖರ್ಚಿನಲ್ಲಿಯೇ ಪಡಸಾಲೆಯಲ್ಲಿ ಹಾಸಿಗೆಗಳನ್ನು ಹಾಕಿಸಿದರು. 1918ರವರೆಗೆ 2,254 ಗಾಯಾಳುಗಳು ಇಲ್ಲಿ ಚಿಕಿತ್ಸೆ ಪಡೆದರು, ಕೆಳಗಿನ ಅಡುಗೆಮನೆಗೆ ಆಗಿನ ಕಾಲದ ಹೊಸ ಸಲಕರಣೆಗಳು ಬಂದದ್ದೂ ಅವರಿಗಾಗಿಯೇ. ಪಡಸಾಲೆಯ ದಕ್ಷಿಣದ ಕೊನೆಯ ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. 1940ರಿಂದ 1942ರವರೆಗೆ ಜರ್ಮನ್ ಸೇನೆ ಆಕ್ರಮಿಸಿಕೊಂಡ ಪ್ರದೇಶಕ್ಕೂ ಆಕ್ರಮಿಸದೆ ಬಿಟ್ಟಿದ್ದ ಪ್ರದೇಶಕ್ಕೂ ಶೇರ್ ನದಿಯೇ ಗಡಿಯಾಗಿತ್ತು. ಅರಮನೆಯ ಮುಂಬಾಗಿಲು ಒಂದು ಕಡೆ, ಈ ಹಿಂಬಾಗಿಲು ಇನ್ನೊಂದು ಕಡೆ. ಪಡಸಾಲೆಯನ್ನು ದಾಟಿ ಈ ಬಾಗಿಲಿನಿಂದ ಪ್ರಾಣ ಉಳಿಸಿಕೊಂಡು ಹೋದವರಿದ್ದಾರೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅರಮನೆಯೇ ಉಳಿದದ್ದಕ್ಕೂ ಇದೇ ಸೇತುವೆ ಕಾರಣವೆನ್ನುತ್ತಾರೆ: ಆಗಿನ ಒಡತಿ ಮದಾಮ್ ದ್ಯುಪಾಂ, ಸುತ್ತಮುತ್ತ ನದಿ ದಾಟಲು ಬೇರೆ ಸೇತುವೆ ಇಲ್ಲವೆಂದು ಹೇಳಿ ಅದನ್ನು ಕೆಡವಲು ಬಂದವರನ್ನು ತಡೆದಳಂತೆ.

ಮೇಲಿನ ಅಂತಸ್ತುಗಳನ್ನು ನಿಮ್ಮ ಆಸಕ್ತಿಗೆ ತಕ್ಕಂತೆ ನೋಡಿ. ಒಂದು ಕೋಣೆಯನ್ನು ಮಾತ್ರ ಬಿಡಬೇಡಿ. 1589ರಲ್ಲಿ ಗಂಡ ಮೂರನೆಯ ಹೆನ್ರಿ ಕೊಲೆಯಾದ ಮೇಲೆ ರಾಣಿ ಲೂಯೀಸ್ ಇಲ್ಲಿಗೆ ಬಂದು, ರಾಜಮನೆತನದ ಪದ್ಧತಿಯಂತೆ ಬಿಳಿಯ ಬಟ್ಟೆಯಲ್ಲಿ ಶೋಕ ಆಚರಿಸುತ್ತ ಉಳಿದಳು. ಅವಳ ಮಲಗುವ ಕೋಣೆಯ ಮರದ ಹಲಗೆಗಳು ಕಪ್ಪು. ಅವುಗಳ ಮೇಲೆ ಬೆಳ್ಳಿಯ ಬಣ್ಣದ ಕಣ್ಣೀರಹನಿಗಳ ಚಿತ್ತಾರ. ಗಂಡ ಸತ್ತವಳು ಬಿಳಿ ಉಡುವ ವಾಡಿಕೆಯನ್ನು ಕಂಡ ನಮ್ಮ ಕಡೆಯವರಿಗೆ ಆ ಕೋಣೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಉಳಿದ ಕೋಣೆಗಳಲ್ಲಿ ತಾಜಾ ಹೂಗಳನ್ನು ಜೋಡಿಸಿರುತ್ತಾರೆ. ಅರಮನೆಯ ತೋಟದಲ್ಲೇ ಬೆಳೆದ ಹೂಗಳವು. ಹೊರಗೆ ಬಂದಾಗ ಬೆಳಗಿನ ಹೊತ್ತಾದರೆ, ಅರಮನೆಗೆ ಮುಖಮಾಡಿ ನಿಂತಾಗ ಎಡಗಡೆಗೆ ಬರುವ ದಿಯಾನಳ ತೋಟಕ್ಕೆ ಹೋಗಿ, ಪೂರ್ವದ ಬಿಸಿಲು ಕಮಾನುಗಳ ಮೇಲೆ ನೇರವಾಗಿ ಬಿದ್ದಿರುತ್ತದೆ. ಬಲಗಡೆಯ ಕ್ಯಾಥರೀನಳ ತೋಟ ಚಿಕ್ಕದು. ಅದನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳಿ. ಇಷ್ಟೆಲ್ಲಕ್ಕೆ ಮೂರೂವರೆ, ನಾಲ್ಕು ಗಂಟೆ ಬೇಕು. ಅರಮನೆಯೊಳಗೆ ಮೆಟ್ಟಿಲುಗಳು ಸಾಕಷ್ಟಿರುವುದರಿಂದ ಮಂಡಿನೋವಿದ್ದವರು ನೆಲ ಅಂತಸ್ತು ಮತ್ತು ತೋಟಗಳಿಗೆ ಹೆಚ್ಚು ಸಮಯ ಕೊಡುವುದು ಒಳ್ಳೆಯದು.

ಇನ್ನು ಊಟದ ವಿಚಾರ. ಅದನ್ನು ಕಲ್ಲಿನಿಂದಲೇ ಶುರುಮಾಡಬೇಕು. ಈ ಸೀಮೆಯ ಅರಮನೆಗಳೆಲ್ಲ ತೂಫೋ ಎಂಬ ಬೆಳ್ಳನೆಯ ಸುಣ್ಣಕಲ್ಲಿನವು. ನೆಲದಿಂದ ತೆಗೆದಾಗ ಅದು ಮೆತ್ತಗಿರುತ್ತದೆ, ಉಳಿಗೆ ಸುಲಭವಾಗಿ ಒಗ್ಗುತ್ತದೆ. ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಬೇಲೂರು, ಹಳೇಬೀಡುಗಳ ಬಳಪದ ಕಲ್ಲಿನ ಗುಣವನ್ನು ಬಲ್ಲವರಿಗೆ ಇದು ಹೊಸದಲ್ಲ. ಶೆನೊನ್ಸೊದಿಂದ ನದಿಯ ಮೇಲ್ಗಡೆಗೆ ಹೋದರೆ ಮೋಂತ್ರಿಶಾರ್ ಪಟ್ಟಣ, ಅದರ ಆಚೆಗೆ ಬೂರೆ ಎಂಬ ಹಳ್ಳಿ. ಅಲ್ಲಿಯ ಗುಡ್ಡಗಳಿಂದ ತೆಗೆದ ಕಲ್ಲು ಸೀಮೆಯ ಅನೇಕ ಅರಮನೆಗಳಿಗೆ ಹೋಗಿದೆ. ಕಲ್ಲು ತೆಗೆದ ಮೇಲೆ ಉಳಿದದ್ದು ಮೈಲಿಗಟ್ಟಲೆ ಗವಿಗಳು. ಒಳಗೆ ಬೇಸಿಗೆ, ಚಳಿಗಾಲವೆನ್ನದೆ ಹೆಚ್ಚುಕಡಿಮೆ 12 ಡಿಗ್ರಿಯ ತಂಪು, ಕತ್ತಲು, ತೇವ. ಹಾಗಾಗಿ ಆ ಗವಿಗಳಲ್ಲಿ ಅಣಬೆ ಬೆಳೆಯುತ್ತಾರೆ, ದ್ರಾಕ್ಷಾರಸದ ಪೀಪಾಯಿಗಳನ್ನು ಇಡುತ್ತಾರೆ. ಬೂರೆಯ ಅಣಬೆ ಗವಿಗಳನ್ನು ನೋಡಲು ಬಿಡುತ್ತಾರೆ. ಸಮಯವಿದ್ದರೆ ಹೋಗಿ, ಆದರೆ ಮೇ ತಿಂಗಳಿನಲ್ಲೂ ಸ್ವೆಟರ್ ಬೇಕು. ಬೆಳಗ್ಗೆ ಅರಮನೆಯ ಗೋಡೆಯನ್ನು ಮುಟ್ಟಿ, ಮಧ್ಯಾಹ್ನ ಅದೇ ಕಲ್ಲಿನ ಒಡಲಲ್ಲಿ ಬೆಳೆದ ಅಣಬೆಯನ್ನು ಬೆಣ್ಣೆಯಲ್ಲಿ ಬಾಡಿಸಿ ಬಡಿಸಿದಾಗ ತಿನ್ನುವುದು ತಮ್ಮ ಪತ್ನಿಯವರಿಗೂ ಒಪ್ಪುವ ಊಟವೇ.

ಈ ಸೀಮೆಯ ನಿಜವಾದ ಹೆಮ್ಮೆ ಆಡಿನ ಹಾಲಿನ ಚೀಸ್. ಅದರಲ್ಲೂ ಸೇಂತ್-ಮೋರ್ ದ ತೂರೇನ್ ಎಂಬುದು. ಒಂದು ಗೇಣಿಗಿಂತ ತುಸು ಕಡಿಮೆ ಉದ್ದದ ಕೊರಡಿನ ಆಕಾರ. ಹೊರಮೈಗೆ ಉಪ್ಪು ಬೆರೆಸಿದ ಇದ್ದಿಲ ಪುಡಿ ಸವರಿರುವುದರಿಂದ ಬೂದುಬಣ್ಣ. ಕತ್ತರಿಸಿದರೆ ಒಳಗೆ ಅಚ್ಚ ಬಿಳುಪು. ನಡುವೆ ಈ ತುದಿಯಿಂದ ಆ ತುದಿಗೆ ಒಂದು ಒಣಹುಲ್ಲಿನ ಕಡ್ಡಿ ಹಾದಿರುತ್ತದೆ. ಮೆತ್ತನೆಯ ಚೀಸ್ ಮುರಿಯದಂತೆ ಹಿಡಿದಿಡುವುದಕ್ಕೆಂದು ಹಿಂದಿನವರು ಇಟ್ಟ ಕಡ್ಡಿಯದು. ಈಗ ಅದರ ಮೇಲೆ ಚೀಸ್‌ನ ಹೆಸರು ಮತ್ತು ತಯಾರಕರ ಗುರುತನ್ನು ಕೊರೆದಿರುತ್ತಾರೆ. ಈ ಹೆಸರಿಗೆ 1990ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು, ಗೊತ್ತುಪಡಿಸಿದ ಸೀಮೆಯಲ್ಲಿ, ಕಾಯಿಸದ ಆಡಿನ ಹಾಲಿನಿಂದ ಮಾಡಿದ್ದಕ್ಕೆ ಮಾತ್ರ ಆ ಹೆಸರಿಡಬಹುದು. ಕಡ್ಡಿಯಿದೆಯೇ ಎಂದು ನೋಡಿ ಕೊಳ್ಳಿ. ಅಂಗಡಿಯವರು ಎಷ್ಟು ಹಳೆಯದು ಬೇಕೆಂದು ಕೇಳುತ್ತಾರೆ: 'ಫ್ರೆ' ಎಂದರೆ ಹೊಸದು, ಮೊಸರಿನ ಹುಳಿ ಇನ್ನೂ ಇರುವಂಥದು, 'ದೆಮಿ-ಸೆಕ್' ಅರೆ ಒಣಗಿದ್ದು, 'ಸೆಕ್' ಗಟ್ಟಿಯಾಗಿ, ಖಾರವೆನ್ನಬಹುದಾದಷ್ಟು ತೀಕ್ಷ್ಣವಾಗಿರುವುದು. ಮೊದಲ ಬಾರಿ ತಿನ್ನುವವರು ಹೊಸದರಿಂದ ಆರಂಭಿಸಿ. ಆಡಿನ ಹಾಲಿನ ವಾಸನೆಗೆ ಹೆದರುವವರಿಗೂ ಅದು ಗಟ್ಟಿ ಮೊಸರಿನಂತೆಯೇ ರುಚಿಸುತ್ತದೆ. ಮರಿ ಹಾಕಿದ ಆಡುಗಳು ವಸಂತದ ಹಸಿಹುಲ್ಲನ್ನು ಮೇಯುವ ಕಾಲವಾದ್ದರಿಂದ ತಾವು ಹೋಗುತ್ತಿರುವ ಮೇ ತಿಂಗಳು ಇದಕ್ಕೆ ಹೇಳಿಮಾಡಿಸಿದಂಥ ಹೊತ್ತು. ಶೇರ್ ನದಿಯ ಹೆಸರನ್ನೇ ಹೊತ್ತ ಸೆಲ್-ಸ್ಯುರ್-ಶೇರ್ ಎಂಬ ಬಿಲ್ಲೆಯಾಕಾರದ ಚೀಸ್, ತುದಿ ಕತ್ತರಿಸಿದ ಗೋಪುರದಂತಿರುವ ವಲಾಂಸೇ ಚೀಸ್ ಕೂಡ ಅದೇ ಅಂಗಡಿಯಲ್ಲಿ ಪಕ್ಕಪಕ್ಕ ಇರುತ್ತವೆ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಸಾಂಪ್ರದಾಯಿಕವಾಗಿ ಚೀಸ್ ಮಾಡುವಾಗ ಹಾಲನ್ನು ಗಟ್ಟಿಯಾಗಿಸಲು ಎಳೆಯ ಕರು ಅಥವಾ ಆಡಿನ ಮರಿಯ ಹೊಟ್ಟೆಯಿಂದ ತೆಗೆದ ಕಿಣ್ವವನ್ನು ಬಳಸುತ್ತಾರೆ; ಫ್ರೆಂಚಿನಲ್ಲಿ ಅದಕ್ಕೆ 'ಪ್ರೆಸ್ಯೂರ್' ಎಂಬ ಹೆಸರು. ಈ ಸೀಮೆಯ ಆಡಿನ ಚೀಸ್‌ಗಳು ಬಹುಮಟ್ಟಿಗೆ ಹುಳಿಯಿಂದಲೇ, ಒಂದು ದಿನದಷ್ಟು ಹೊತ್ತು ತೆಗೆದುಕೊಂಡು, ನಿಧಾನವಾಗಿ ಹೆಪ್ಪುಗಟ್ಟುವಂಥವು. ಆದ್ದರಿಂದ ಆ ಕಿಣ್ವದ ಪ್ರಮಾಣ ತೀರ ಕಡಿಮೆ. ಆದರೆ ಇಲ್ಲವೆಂದು ಹೇಳಲಾಗದು. ಮೊಟ್ಟೆಯನ್ನೂ ಮುಟ್ಟದ ತಮ್ಮ ಪತ್ನಿಯವರು ಇದನ್ನು ತಿಳಿದುಕೊಂಡು ತಾವೇ ತೀರ್ಮಾನಿಸಬೇಕು. ಬೇರೆಯವರು ಅವರ ಪರವಾಗಿ ತೀರ್ಮಾನಿಸುವುದು ಸಲ್ಲದು. ಸಸ್ಯಮೂಲದ ಕಿಣ್ವ ಬಳಸಿದ ಚೀಸ್‌ಗಳ ಮೇಲೆ 'ವೆಜೆತಾಲ್' ಎಂಬ ಪದ ಇರುತ್ತದೆ. ಪ್ಯಾರಿಸ್ಸಿನಲ್ಲಿ ಮಗಳ ಮನೆಯ ಹತ್ತಿರದ ದೊಡ್ಡ ಅಂಗಡಿಯಲ್ಲಿ ಒಂದನ್ನು ಕೊಂಡು ಜೊತೆಗೆ ಒಯ್ದರೆ, ಉಳಿದವರು ಚೀಸ್ ತಿನ್ನುವಾಗ ಅವರು ಸುಮ್ಮನೆ ಕೂರಬೇಕಾಗುವುದಿಲ್ಲ.

ತಮ್ಮ ಪತ್ನಿಯವರಿಗಾಗಿ ನಾನು ಹೆಚ್ಚು ಭರವಸೆಯಿಂದ ಹೇಳುವ ತಿನಿಸು 'ಫುಯೇ'. ಗೋದಿಹಿಟ್ಟು, ನೀರು, ಉಪ್ಪು, ಈಸ್ಟು — ಇಷ್ಟೇ. ಕಟ್ಟಿಗೆ ಉರಿಸಿ ಕಾಯಿಸಿದ ಗೂಡು ರೊಟ್ಟಿಗೆ ಹದವಾಗಿದೆಯೇ ಎಂದು ಪರೀಕ್ಷಿಸಲು ಹಿಂದಿನವರು ಹಿಟ್ಟಿನ ಸಣ್ಣ ತುಂಡನ್ನು ಲಟ್ಟಿಸಿ ಒಳಗೆ ಹಾಕುತ್ತಿದ್ದರಂತೆ. ಆ ಪರೀಕ್ಷೆಯ ತುಂಡೇ ತಿನಿಸಾಯಿತು. ಬೆಳಗ್ಗೆ ಅರಮನೆಯ ಅಡುಗೆಮನೆಯಲ್ಲಿ ಕಂಡ ರೊಟ್ಟಿಗೂಡು ಇಲ್ಲಿ ಉರಿಯುವುದನ್ನು ನೋಡಬಹುದು. ಉದ್ದನೆಯ ಹಿಡಿಯ ಮರದ ಹಲಗೆಯ ಮೇಲೆ ಅಂಗೈಯಗಲದ ಹಿಟ್ಟನ್ನು ಇಟ್ಟು ಒಳಗೆ ಜಾರಿಸುತ್ತಾರೆ. ಒಂದೆರಡು ನಿಮಿಷದಲ್ಲಿ ಅದು ಪೂರಿಯಂತೆ ಉಬ್ಬುತ್ತದೆ, ಮೇಲೆ ಅಲ್ಲಲ್ಲಿ ಕಂದು ಚುಕ್ಕೆಗಳು ಏಳುತ್ತವೆ. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ತಂದಿಡುತ್ತಾರೆ. ಬಾಯಿ ಸೀಳಿದಾಗ ಹೊರಟ ಹಬೆಗೆ ಬೆರಳು ಸುಡುತ್ತದೆ. ಆ ಬಿಸಿಯಿರುವಾಗಲೇ ಒಳಗೆ ಬೆಣ್ಣೆ, ಬೇಯಿಸಿದ ಬಿಳಿಯ ಹುರುಳಿಕಾಯಿ ಬೀಜ, ಅಣಬೆ ಅಥವಾ ಆಡಿನ ಚೀಸ್ ತುಂಬಿಕೊಂಡು ತಿನ್ನಬೇಕು. ಬೀಜವನ್ನು ಹಂದಿಯ ಕೊಬ್ಬಿನಲ್ಲಿ ಬೇಯಿಸಿದ್ದಾರೆಯೇ ಎಂದು ಕೇಳುವುದನ್ನು ಮರೆಯಬೇಡಿ. ಆಂಬ್ವಾಜ್ ಪಟ್ಟಣದಲ್ಲೂ ಸೊಮ್ಯೂರ್ ಕಡೆಯ ಊರುಗಳಲ್ಲೂ ಕಲ್ಲಿನ ಗವಿಯೊಳಗೇ ಮೇಜು ಹಾಕಿ ಫುಯೇ ಬಡಿಸುವ ಊಟದ ಮನೆಗಳಿವೆ. ಮಗಳು ಮುಂಚಿತವಾಗಿ ಫೋನು ಮಾಡಿ ಜಾಗ ಕಾಯ್ದಿರಿಸಲಿ.

ತಮಗೆ ಮತ್ತು ಮಗಳಿಗೆ ಆಯ್ಕೆ ಧಾರಾಳವಾಗಿದೆ. ಹಂದಿಮಾಂಸವನ್ನು ಅದರ ಕೊಬ್ಬಿನಲ್ಲಿಯೇ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ ಎಳೆಎಳೆಯಾಗಿ ಬಿಡಿಸಿ ಇಡುವ 'ರಿಯೆತ್' ತೂರ್ ನಗರದ ಹೆಸರನ್ನೇ ಹೊತ್ತಿದೆ. ಅದನ್ನು ತಣ್ಣಗೆ ರೊಟ್ಟಿಯ ಮೇಲೆ ಸವರಿಕೊಂಡು ತಿನ್ನುತ್ತಾರೆ. ನದಿಯ ಮೀನು ಬೇಕೆಂದರೆ 'ಸಾಂದ್ರ್' ಕೇಳಿ. ಬಿಳಿಯ ಮಾಂಸದ, ಮುಳ್ಳು ಕಡಿಮೆಯಿರುವ ಮೀನದು, ಬೆಣ್ಣೆಯ ಹುಳಿಸಾರಿನೊಡನೆ ಬರುತ್ತದೆ. 'ಆಂದುಯೆತ್' ಎಂಬ ಹೆಸರು ಕಂಡರೆ ಅದು ಕರುಳಿನಿಂದ ಮಾಡಿದ್ದೆಂಬುದು ಗೊತ್ತಿರಲಿ, ವಾಸನೆ ಜೋರಾಗಿರುತ್ತದೆ. ದನದ ಮಾಂಸ ಬೇಡವೆನ್ನುವವರು 'ಬಫ್' ಮತ್ತು 'ವೋ' ಎಂಬ ಎರಡು ಪದಗಳನ್ನು ನೆನಪಿಟ್ಟುಕೊಳ್ಳಬೇಕು. ಎರಡನೆಯದು ಕರುವಿನ ಮಾಂಸ.

ಸಸ್ಯಾಹಾರಿಗಳಿಗೆ ಅಲ್ಲಿ ತೊಂದರೆಯಾಗುವುದು ಆಹಾರ ಇಲ್ಲದ್ದರಿಂದಲ್ಲ, ತಪ್ಪು ತಿಳಿವಳಿಕೆಯಿಂದ. 'ವೆಜೆತಾರಿಯಾಂ' ಎಂದಷ್ಟೇ ಹೇಳಿದರೆ ಕೆಲವು ಕಡೆ ಮೀನು ಪರವಾಗಿಲ್ಲವೆಂದು ಭಾವಿಸುತ್ತಾರೆ. ಮೊಟ್ಟೆ ಪರವಾಗಿಲ್ಲವೆಂದು ಎಲ್ಲರೂ ಭಾವಿಸುತ್ತಾರೆ. ಬಿಸಿಮಾಡಿದ ಆಡಿನ ಚೀಸ್ ಇಟ್ಟ ಸಲಾಡ್ ಎಲ್ಲೆಡೆಯೂ ಸಿಗುತ್ತದೆ. ಆದರೆ ಅದರ ಮೇಲೆ 'ಲಾರ್ದೋಂ' ಎಂಬ ಹಂದಿಮಾಂಸದ ಚೂರುಗಳನ್ನು ಉದುರಿಸುವುದು ಸಾಮಾನ್ಯ, ಪಟ್ಟಿಯಲ್ಲಿ ಅದನ್ನು ಬರೆದಿರದಿದ್ದರೂ ಕೇಳಿಯೇ ನೋಡಬೇಕು. ತರಕಾರಿ ಸೂಪಿಗೆ ಮಾಂಸದ ರಸ ಹಾಕಿರಬಹುದು. ಆದ್ದರಿಂದ ಒಂದು ಚೀಟಿಯಲ್ಲಿ ಮಾಂಸ, ಮೀನು, ಮೊಟ್ಟೆ, ಲಾರ್ದೋಂ, ಮಾಂಸದ ರಸ ಇವೊಂದೂ ಬೇಡವೆಂದು ಫ್ರೆಂಚಿನಲ್ಲಿ ಮಗಳ ಕೈಯಿಂದ ಬರೆಸಿಕೊಳ್ಳಿ; ಬಾಯಿಮಾತಿಗಿಂತ ಅಡುಗೆಮನೆಯೊಳಗೆ ಹೋಗುವ ಚೀಟಿ ಹೆಚ್ಚು ಕೆಲಸ ಮಾಡುತ್ತದೆ. ಜಾಗ ಕಾಯ್ದಿರಿಸುವಾಗಲೇ ತಿಳಿಸಿದರೆ ಸಣ್ಣ ಊಟದ ಮನೆಯವರು ಬೇಕೆಂದೇ ಏನಾದರೂ ತಯಾರಿಸುತ್ತಾರೆ. ಮೇ ತಿಂಗಳಲ್ಲಿ ಆ ಸೀಮೆಯ ಶತಾವರಿ ದಂಟು, ಎಳೆಯ ಆಲೂಗೆಡ್ಡೆ, ಸ್ಟ್ರಾಬೆರಿ ಹೇರಳವಾಗಿರುತ್ತವೆ. ಬಗೆಟ್‌ನಲ್ಲಿ, ಅದರಲ್ಲೂ 'ತ್ರಾದಿಸಿಯೋಂ' ಎಂದು ಬರೆದಿರುವುದರಲ್ಲಿ, ಹಾಲು, ಮೊಟ್ಟೆ, ಕೊಬ್ಬು ಇರುವುದಿಲ್ಲ. ಬ್ರಿಯೋಶ್‌ನಲ್ಲಿ ಮೊಟ್ಟೆಯಿರುತ್ತದೆ, ಬೇಕರಿಯ ಹೆಚ್ಚಿನ ಸಿಹಿಗಳಲ್ಲೂ ಇರುತ್ತದೆ. ನೀರಿಗೆ ಹಣ ಕೊಡಬೇಕಾಗಿಲ್ಲ. 'ಕರಾಫ್ ದೋ' ಎಂದರೆ ನಲ್ಲಿಯ ನೀರನ್ನು ಹೂಜಿಯಲ್ಲಿ ತಂದಿಡುತ್ತಾರೆ, ಅದು ಕುಡಿಯಲು ಯೋಗ್ಯ.

ಸಿಹಿಯಲ್ಲಿ ತಾರ್ತ್ ತತಾಂ ಎಂಬ ಸೇಬಿನ ಕಡುಬನ್ನು ಎಲ್ಲೆಡೆ ಕಾಣುವಿರಿ. ಪಕ್ಕದ ಸೊಲೋಞ್ ಸೀಮೆಯ ಲಾಮೋತ್-ಬೊವ್ರೋಂ ಎಂಬ ಊರಿನಲ್ಲಿ ರೈಲು ನಿಲ್ದಾಣದ ಎದುರು ಹೋಟೆಲು ನಡೆಸುತ್ತಿದ್ದ ತತಾಂ ಅಕ್ಕತಂಗಿಯರ ಹೆಸರು ಅದಕ್ಕೆ ಬಂದಿದೆ. ಸೇಬನ್ನು ಬೆಣ್ಣೆ, ಸಕ್ಕರೆಯಲ್ಲಿ ಕಂದಾಗಿಸಿ, ಮೇಲೆ ಹಿಟ್ಟಿನ ಹಾಳೆ ಮುಚ್ಚಿ ಸುಟ್ಟು, ತಟ್ಟೆಗೆ ಬೋರಲು ಹಾಕಿ ಕೊಡುತ್ತಾರೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂಬುದು ಮಾಡುವವರನ್ನು ಅವಲಂಬಿಸಿದೆ. ಸಂದೇಹವೇ ಬೇಡವೆನ್ನುವವರಿಗೆ 'ಪ್ವಾರ್ ತಪೇ' ಇದೆ. ರಿವಾರೆನ್ ಎಂಬ ಹಳ್ಳಿಯ ಸರಕು: ಸಿಪ್ಪೆ ತೆಗೆದ ಪೇರ್ ಹಣ್ಣನ್ನು ಕಟ್ಟಿಗೆಯ ಗೂಡಿನಲ್ಲಿ ದಿನಗಟ್ಟಲೆ ಒಣಗಿಸಿ, ಒತ್ತಿ ಚಪ್ಪಟೆ ಮಾಡಿದ್ದು. ಸಾಮಾನ್ಯವಾಗಿ ಅದನ್ನು ವೈನಿನಲ್ಲಿ ನೆನೆಸಿ ಬಡಿಸುತ್ತಾರೆ. ಒಣಗಿದ್ದನ್ನೇ ಕೊಂಡು ಮನೆಯಲ್ಲಿ ನೀರಿನಲ್ಲೋ ಚಹಾದಲ್ಲೋ ನೆನೆಸಿಕೊಳ್ಳಬಹುದು. ದ್ರಾಕ್ಷಾರಸ ಕುಡಿಯುವವರು ತೂರ್ ಹತ್ತಿರದ ವೂವ್ರೇ ಮತ್ತು 2011ರಿಂದ ತನ್ನದೇ ಹೆಸರು ಪಡೆದಿರುವ ತೂರೇನ್-ಶೆನೊನ್ಸೊ ಎರಡನ್ನೂ ರುಚಿ ನೋಡಬಹುದು. ಆಡಿನ ಚೀಸ್‌ಗೆ ಬಿಳಿಯದೇ ಹೊಂದುತ್ತದೆ.

ಪ್ರಯಾಣದ ಏರ್ಪಾಡು ಹೀಗಿರಲಿ. ಶನಿವಾರ ಬೆಳಗ್ಗೆ ಪ್ಯಾರಿಸ್ಸಿನ ಮೋಂಪರ್ನಾಸ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸೇಂ-ಪಿಯೇರ್-ದೆ-ಕೋರ್‌ಗೆ ಸುಮಾರು ಒಂದು ಗಂಟೆ. ಅಲ್ಲಿಂದ ಶೆನೊನ್ಸೊಗೆ ಪ್ರಾದೇಶಿಕ ರೈಲಿನಲ್ಲಿ ಅರ್ಧ ಗಂಟೆಯೊಳಗೆ. ನಿಲ್ದಾಣ ಅರಮನೆಯ ಹೆಬ್ಬಾಗಿಲಿನ ಬಳಿಯೇ ಇದೆ. ಆ ಮಾರ್ಗದಲ್ಲಿ ದಿನಕ್ಕೆ ಹೆಚ್ಚು ರೈಲುಗಳಿಲ್ಲವಾದ್ದರಿಂದ ಹೋಗುವ, ಬರುವ ಸಮಯಗಳೆರಡನ್ನೂ ಮೊದಲೇ ನೋಡಿಕೊಳ್ಳಬೇಕು. ಮೇ ತಿಂಗಳಲ್ಲಿ ಫ್ರಾನ್ಸಿನವರಿಗೆ ಮೇಲಿಂದ ಮೇಲೆ ರಜೆಗಳಿವೆ. ಮೇ 1, ಮೇ 8, ಜೊತೆಗೆ ಕ್ರೈಸ್ತ ಹಬ್ಬದ ರಜೆಗಳು ಬರುತ್ತವೆ. ಅವು ಸೇರಿರುವ ವಾರಾಂತ್ಯವನ್ನು ಬಿಟ್ಟು ಬೇರೆಯದನ್ನು ಆರಿಸಿಕೊಂಡರೆ ಅರ್ಧ ಜನಸಂದಣಿ ಕಡಿಮೆಯಾಗುತ್ತದೆ. ಸಂಜೆ ಟ್ಯಾಕ್ಸಿಯಲ್ಲಿ ಆಂಬ್ವಾಜ್‌ಗೆ ಹೋಗಿ ಉಳಿದುಕೊಳ್ಳಿ. ಹದಿಮೂರು ಕಿಲೋಮೀಟರಿನಷ್ಟು ದಾರಿ, ಆದರೆ ರಸ್ತೆಯಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲುವ ಟ್ಯಾಕ್ಸಿಗಳು ಅಲ್ಲಿಲ್ಲ. ಹಿಂದಿನ ದಿನವೇ ಗೊತ್ತುಮಾಡಿರಬೇಕು.

ಭಾನುವಾರ ಬೆಳಗ್ಗೆ ಆಂಬ್ವಾಜ್‌ನಲ್ಲಿ ಲ್ವಾರ್ ನದಿಯ ದಡದಲ್ಲೇ ದೊಡ್ಡ ಸಂತೆ ನೆರೆಯುತ್ತದೆ. ಚೀಸ್, ರೊಟ್ಟಿ, ಸ್ಟ್ರಾಬೆರಿ, ಪ್ವಾರ್ ತಪೇ ಎಲ್ಲವನ್ನೂ ಅಲ್ಲಿ ಕೊಳ್ಳಬಹುದು, ಮಾರುವವರು ರುಚಿ ನೋಡಲು ತುಂಡು ಕೊಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸಂತೆ ಮುಗಿಯುವುದರಿಂದ ಹತ್ತು ಗಂಟೆಯೊಳಗೆ ಅಲ್ಲಿರಿ. ಸಂತೆಯ ಬಳಿಯೇ ಮೇಲೆ ಬಂಡೆಯ ಮೇಲೆ ಆಂಬ್ವಾಜ್ ಅರಮನೆ. 1519ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ಲಿಯೊನಾರ್ಡೊ ಡ ವಿಂಚಿಯ ಸಮಾಧಿ ಅದರ ಆವರಣದ ಸಣ್ಣ ಪ್ರಾರ್ಥನಾ ಮಂದಿರದಲ್ಲಿದೆ. ಮಧ್ಯಾಹ್ನ ಗವಿಯೊಳಗಿನ ಫುಯೇ ಊಟ ಮುಗಿಸಿ, ಆಂಬ್ವಾಜ್ ನಿಲ್ದಾಣದಿಂದಲೇ ಪ್ಯಾರಿಸ್ಸಿಗೆ ರೈಲು ಹಿಡಿಯಬಹುದು.

ಇನ್ನು ಪುಳಿಯೋಗರೆ ಗೊಜ್ಜು. ಖಂಡಿತ ಕಟ್ಟಿಕೊಳ್ಳಿ, ಆದರೆ ತುಪ್ಪ, ಪೇಡೆಗಳನ್ನು ಕಟ್ಟಬೇಡಿ. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುತ್ತಾರೆ.

ಶನಿವಾರದ ಮಧ್ಯಾಹ್ನಕ್ಕೂ ಭಾನುವಾರದ ಸಂತೆಗೂ ಆ ಗೊಜ್ಜು ಬೇಕಾಗುವುದಿಲ್ಲ. ಭಾನುವಾರ ರಾತ್ರಿ ಆ ಸೀಮೆಯ ಸಣ್ಣ ಊರುಗಳಲ್ಲಿ ಹೆಚ್ಚಿನ ಊಟದ ಮನೆಗಳು ಮುಚ್ಚಿರುತ್ತವೆ, ರೈಲಿನಲ್ಲಿ ಸಿಗುವುದರಲ್ಲಿ ಮೊಟ್ಟೆಯಿಲ್ಲದ್ದು ಕಡಿಮೆ. ಮಗಳ ಮನೆ ತಲುಪಿ ಅನ್ನಕ್ಕಿಟ್ಟು, ಸಂತೆಯಿಂದ ತಂದ ಚೀಸನ್ನು ಒಂದು ಕಡೆ, ಗೊಜ್ಜನ್ನು ಇನ್ನೊಂದು ಕಡೆ ಇಟ್ಟುಕೊಂಡು ಕುಳಿತರೆ ಮೂವರಿಗೂ ಊಟವಾಗುತ್ತದೆ.